ಒಂದೆಳೆ ಬಲಕ್ಕೆ

ನನ್ನ ಗಂಡನನ್ನು ಈ ಊರಿನಲ್ಲಿ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವರು ಮೇಷ್ಟ್ರು. ಲೆಕ್ಕ, ಮಗ್ಗಿ ಕಲಿಸುವ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಬೀದಿಯಲ್ಲಿ ಎದುರಾಗುವ ಕಾರುಗಳಲ್ಲಿ ಅರ್ಧಕ್ಕರ್ಧ ಇವರ ಶಿಷ್ಯರೇ ಕೂತಿರುತ್ತಾರೆ. ಕಂಡ ಕೂಡಲೇ ಹಾರ್ನ್ ಹೊಡೆದು ಕೈಯೆತ್ತಿ ಹೋಗುತ್ತಾರೆ. ಆಗೆಲ್ಲ ಇವರ ಎದೆ ಒಂದು ಸುತ್ತು ಹಿಗ್ಗುತ್ತದೆ. "ನೋಡಿದೆಯೇನೇ?" ಎಂದು ನನ್ನ ಕಡೆ ತಿರುಗುತ್ತಾರೆ. ನೋಡದೆ ಏನು ಮಾಡಲಿ, ಮದುವೆಯಾದಾಗಿನಿಂದ ಅದನ್ನೇ ನೋಡುತ್ತಿದ್ದೇನೆ.

ಸ್ಕೂಲಿನ ಆಫೀಸು ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಒಂದು ಮೇಜು, ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ, ಕಾಯುವವರಿಗೊಂದು ಬೆಂಚು. ಮೇಜಿನ ಹಿಂದೆ ಕೂರುವವಳು ನಾನು. ಯಾರಿಗೆ ಯಾವ ಹೊತ್ತಿಗೆ ಕ್ಲಾಸು, ಯಾರು ಕ್ಲಚ್ ಸುಟ್ಟರು, ಯಾರು ತಮ್ಮ ಮನೆಯ ಗೇಟಿಗೇ ಗುದ್ದಿದರು, ಎಲ್ಲ ನನಗೆ ಗೊತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮೇಷ್ಟ್ರ ಜೊತೆ ಸಂಸಾರ ಮಾಡಿ ನೋಡಲಿ, ಅವರಿಗೂ ಬರುತ್ತದೆ.

ಇವರ ಪಾಠದಲ್ಲಿ ಒಂದು ವಿಶೇಷವಿತ್ತು. ಬೇರೆ ಯಾವ ಸ್ಕೂಲಿನಲ್ಲೂ ಅದನ್ನು ಹೇಳಿಕೊಡುತ್ತಿರಲಿಲ್ಲ. "ಸ್ಟೀರಿಂಗ್ ನೆಟ್ಟಗೆ ಹಿಡಿದ್ರೆ ಗಾಡಿ ನೆಟ್ಟಗೆ ಹೋಗುತ್ತೆ ಅಂತ ನಿಮಗೆ ಯಾರು ಹೇಳಿದ್ರು? ಒಂದೆಳೆ ಬಲಕ್ಕೆ ಹಿಡೀಬೇಕು. ಜಾಸ್ತಿ ಬೇಡ, ಒಂದೇ ಒಂದೆಳೆ. ಅದೇ ಕೈಗುಣ" ಎನ್ನುತ್ತಿದ್ದರು. ಶಿಷ್ಯರು ತಲೆಯಾಡಿಸುತ್ತಿದ್ದರು. ಹಾಗೆ ಹಿಡಿದರೆ ನಮ್ಮ ಕಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಗುತ್ತಿದ್ದುದೂ ನಿಜವೇ. ನೆಟ್ಟಗೆ ಹಿಡಿದವರ ಕೈಯಲ್ಲಿ ಮಾತ್ರ ಅದು ಮೆಲ್ಲಗೆ ಎಡಕ್ಕೆ ಸರಿದು ಚರಂಡಿಯ ಕಡೆ ಮುಖ ಮಾಡುತ್ತಿತ್ತು.

ಕಾರಿನ ಹೆಸರು ರಾಣಿ. ಹೆಸರಿಟ್ಟವರು ಇವರೇ. ಎರಡು ವರ್ಷದ ಹಿಂದೆ ಒಬ್ಬ ಶಿಷ್ಯ ರಾಣಿಯನ್ನು ಫುಟ್‌ಪಾತಿನ ಕಲ್ಲಿನ ಮೇಲೆ ಹತ್ತಿಸಿಬಿಟ್ಟಿದ್ದ. ಎಡಗಡೆಯ ಮುಂದಿನ ಚಕ್ರಕ್ಕೆ ಜೋರು ಪೆಟ್ಟು ಬಿತ್ತು. ಇವರು ಗ್ಯಾರೇಜಿಗೆ ಹೋಗಲಿಲ್ಲ. ಅಂಗಳದಲ್ಲೇ ಜಾಕ್ ಹಾಕಿ ಕಾರನ್ನೆತ್ತಿ, ಬಗ್ಗಿದ ರಾಡು ಬದಲಾಯಿಸಿ, ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ ಸರಿ ಮಾಡಿದರು. "ಅಲೈನ್‌ಮೆಂಟ್ ಮಿಷನ್ನು ಯಾರಿಗೆ ಬೇಕು? ನನ್ನ ಕಣ್ಣೇ ಮಿಷನ್ನು" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಒಂದೆಳೆ ಬಲಕ್ಕೆ ಎಂಬ ಪಾಠ ಹುಟ್ಟಿದ್ದು ಅದಾದ ಮೇಲೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕಾರಿನ ಕಾಯಿಲೆ ಸ್ಕೂಲಿನ ಶಾಸ್ತ್ರವಾಗಿ ಕೂತಿತ್ತು.

ಅದರಿಂದ ತೊಂದರೆಯೂ ಆಗಿರಲಿಲ್ಲ. ಲೈಸೆನ್ಸ್ ಪರೀಕ್ಷೆಗೆ ನಮ್ಮ ಕಾರನ್ನೇ ಒಯ್ಯುತ್ತಿದ್ದೆವು, ಎಲ್ಲರೂ ಪಾಸಾಗುತ್ತಿದ್ದರು. ಆಮೇಲೆ ಲೈಸೆನ್ಸ್ ಕೊಡುವ ಸರ್ಕಾರಿ ಆಫೀಸಿನವರು ಹೊಸ ನಿಯಮ ತಂದರು. ಇನ್ನು ಮೇಲೆ ಪರೀಕ್ಷೆ ಆಫೀಸಿನ ಕಾರಿನಲ್ಲೇ. ಅವತ್ತಿನಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ.

ಮೊದಲು ಫೇಲಾದವಳು ಎದುರುಗಡೆಯ ಟೈಲರಮ್ಮ. ಅತ್ತ ಕಣ್ಣಿನಲ್ಲೇ ಬಂದಳು. "ಮೇಷ್ಟ್ರೇ, ನೀವು ಹೇಳಿದ ಹಾಗೇ ಹಿಡಿದಿದ್ದೆ. ಗಾಡಿ ತಾನಾಗೇ ಬಲಕ್ಕೆ ಹೋಗಿ ಬಿಳೀ ಗೆರೆ ತುಳಿದುಬಿಡ್ತು."

"ಆ ಆಫೀಸಿನ ಕಾರೇ ಡೊಂಕು ತಾಯಿ! ನಿಮ್ಮದೇನೂ ತಪ್ಪಿಲ್ಲ" ಎಂದರು ಇವರು.

ಮುಂದಿನ ವಾರ ಬೇಕರಿಯವನೂ ಅದೇ ಗೆರೆ ತುಳಿದು ಬಂದ. ಆಮೇಲೆ ಇನ್ನಿಬ್ಬರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೊರಗಿನವರ ಮುಂದೆ ನಾನೂ ಆಫೀಸಿನವರನ್ನೇ ಬೈದೆ. ನನ್ನ ಗಂಡನನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇರುವುದು, ಅದನ್ನು ನಾನು ಊರವರಿಗೆ ಹಂಚುವುದಿಲ್ಲ.

ಈಗ ಮಗಳ ಮಾತಿಗೆ ಬರುತ್ತೇನೆ. ಮನೆಯಲ್ಲಿ ಅವಳು ಪುಟ್ಟಿ. ಆಸ್ಪತ್ರೆಯಲ್ಲಿ ಆಂಬುಲೆನ್ಸಿನ ಹಿಂಭಾಗದಲ್ಲಿ ರೋಗಿಯ ಪಕ್ಕ ಕೂತು ಬರುವ ಕೆಲಸ ಅವಳದು. ಆಕ್ಸಿಜನ್ ನೋಡಿಕೊಳ್ಳುವುದು, ಗಾಯ ಒತ್ತಿ ಹಿಡಿಯುವುದು, "ಇನ್ನೇನು ಬಂತು, ಇನ್ನೇನು ಬಂತು" ಎಂದು ಧೈರ್ಯ ಹೇಳುವುದು. "ಅಮ್ಮ, ಗಾಡಿ ಒಂದು ಗೇಣು ಪಕ್ಕಕ್ಕೆ ಎಳೆದ್ರೂ ಮೂಳೆ ಮುರಿದವರು ಕಿರುಚಿಕೊಳ್ತಾರೆ. ಮುಂದೆ ಕೂತವರಿಗೆ ಅದು ಗೊತ್ತೇ ಆಗಲ್ಲ" ಎಂದು ಎಷ್ಟೋ ಸಲ ಹೇಳಿದ್ದಳು. ಅದಕ್ಕೇ ಅವಳಿಗೆ ಮುಂದಿನ ಸೀಟಿನ ಮೇಲೆ ಕಣ್ಣು. ಲೈಸೆನ್ಸನ್ನು ಹೊಸ ನಿಯಮ ಬರುವ ಮೊದಲೇ, ರಾಣಿಯಲ್ಲೇ ಓಡಿಸಿ ತೆಗೆದುಕೊಂಡಿದ್ದಳು. ಆಂಬುಲೆನ್ಸಿನ ಹಳೆಯ ಡ್ರೈವರ್ ನಿವೃತ್ತನಾಗುವವನಿದ್ದ. ಎಲ್ಲರೂ ಅವನನ್ನು ಸೈರನ್ ಅಜ್ಜ ಎನ್ನುತ್ತಾರೆ. ತನ್ನ ಜಾಗಕ್ಕೆ ಯಾರು ಎಂದು ಆರಿಸುವುದನ್ನು ಆಸ್ಪತ್ರೆಯವರು ಅವನಿಗೇ ಬಿಟ್ಟಿದ್ದರು. ಇರುವುದು ಒಂದೇ ಜಾಗ, ಪರೀಕ್ಷೆ ಸೋಮವಾರ, ಈ ಸಲ ತಪ್ಪಿದರೆ ಇನ್ನು ಅವಳ ಕಾಲಕ್ಕೆ ಆ ಸೀಟು ಖಾಲಿಯಾಗುವಂತಿರಲಿಲ್ಲ.

ಶುಕ್ರವಾರ ಸಂಜೆ ಅವಳು ಊಟಕ್ಕೆ ಕೂತವಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಇದ್ದಳು.

"ಅಪ್ಪ, ಇವತ್ತು ಅಜ್ಜ ನನ್ನ ಕೈಗೆ ಆಂಬುಲೆನ್ಸ್ ಕೊಟ್ಟು ಓಡಿಸು ಅಂದ್ರು."

"ಭೇಷ್!"

"ಭೇಷ್ ಅಲ್ಲ. 'ಬಲಕ್ಕೆ ಬಲಕ್ಕೆ ಹೋಗ್ತಿದ್ದೀಯಲ್ಲಮ್ಮ, ಸೋಮವಾರವೂ ಹೀಗೇ ಹೋದ್ರೆ ಕೆಲಸ ಕೊಡೋಕಾಗಲ್ಲ, ಬೇಜಾರು ಮಾಡ್ಕೋಬೇಡ' ಅಂದ್ರು."

"ಆ ಆಂಬುಲೆನ್ಸೂ ಡೊಂಕಿರಬೇಕು" ಎಂದರು ಇವರು, ತುತ್ತು ಬಾಯಿಗಿಡುತ್ತಾ.

"ಆಫೀಸಿನ ಕಾರೂ ಡೊಂಕು, ಆಂಬುಲೆನ್ಸೂ ಡೊಂಕು. ಊರಲ್ಲಿ ನೆಟ್ಟಗಿರೋದು ನಮ್ಮ ರಾಣಿ ಒಬ್ಬಳೇನಾ ಅಪ್ಪ?"

ತುತ್ತು ಅರ್ಧದಲ್ಲೇ ನಿಂತಿತು. ಇವರ ಮುಖ ಕೆಂಪಾಯಿತು. "ಏನು, ನನಗೇ ಪಾಠ ಹೇಳೋಕೆ ಬಂದೆಯಾ? ರಸ್ತೆ ಅಂದ ಮೇಲೆ ಮಳೆ ನೀರು ಹರಿದು ಹೋಗೋಕೆ ಅಂಚಿಗೆ ಇಳಿಜಾರು ಇಟ್ಟಿರ್ತಾರೆ. ಎಲ್ಲಾ ಗಾಡೀನೂ ಎಡಕ್ಕೆ ಎಳೆಯುತ್ತೆ. ಅದಕ್ಕೇ ಒಂದೆಳೆ ಬಲಕ್ಕೆ ಅನ್ನೋದು!"

"ಹಾಗಾದ್ರೆ ಇಳಿಜಾರು ಇಲ್ಲದ ಕಡೆ ಹೋಗಿ ನೋಡೋಣ ಬನ್ನಿ."

"ನಾನು ಬರಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಇವರು. ಇಷ್ಟು ಹೊತ್ತು ಸುಮ್ಮನಿದ್ದ ನನಗೆ ಆಗ ತಡೆಯಲಾಗಲಿಲ್ಲ. "ಬರಲ್ಲ ಅಂದ್ರೆ ಏನ್ರೀ ಅರ್ಥ? ಕಾರು ಸರಿ ಇದ್ದ ಮೇಲೆ ಭಯ ಯಾಕೆ? ಅವಳ ಕೆಲಸ ಹೋದ್ರೆ ನಾಳೆ ನಿಮ್ಮ ರಾಣಿ ಬಂದು ಸಮಾಧಾನ ಮಾಡ್ತಾಳಾ?" ಎಂದು ಕಡ್ಡಿ ತುಂಡು ಮಾಡಿದ ಹಾಗೆ ಕೇಳಿದೆ. ಇವರು ಕೈ ತೊಳೆಯಲು ಎದ್ದು ಹೋದರು. ಮಾರನೆಯ ಬೆಳಿಗ್ಗೆ ಕಾರಿನ ಬೀಗದ ಕೈ ತೆಗೆದು ಅವಳ ಮುಂದಿಟ್ಟರು.

ಮಾರುಕಟ್ಟೆಯ ಹಿಂದೆ ಲಾರಿ ನಿಲ್ಲಿಸುವ ದೊಡ್ಡ ಕಾಂಕ್ರೀಟ್ ಬಯಲಿದೆ. ಅಂಗೈಯಷ್ಟು ಸಮ. ಬೆಳಿಗ್ಗೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೋಗುವ ದಾರಿಯಲ್ಲಿ ಪುಟ್ಟಿ ನಾಲ್ಕೂ ಚಕ್ರಕ್ಕೆ ಗಾಳಿ ನೋಡಿಸಿದಳು. ಒಂದು ಚಕ್ರದಲ್ಲಿ ಗಾಳಿ ಕಡಿಮೆ ಇದ್ದರೂ ಗಾಡಿ ಆ ಕಡೆಗೇ ಎಳೆಯುತ್ತದಂತೆ, ಆಮೇಲೆ ಅಪ್ಪ ಅದನ್ನೇ ನೆಪ ಮಾಡಬಾರದಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಇವರ ಬುದ್ಧಿಯನ್ನು ಇವರಿಗಿಂತ ಮೊದಲೇ ಓದುತ್ತಾಳೆ.

ಅವಳು ಸ್ಟೀರಿಂಗ್ ಹಿಡಿದಳು, ಪಕ್ಕದಲ್ಲಿ ಇವರು, ಹಿಂದೆ ನಾನು. ಬಯಲಿನ ಈ ತುದಿಯಿಂದ ಹೊರಟು, ಕಾರು ಒಂದು ಹದಕ್ಕೆ ಬಂದ ಮೇಲೆ ಸ್ಟೀರಿಂಗಿನ ಮೇಲಿದ್ದ ಬೆರಳುಗಳನ್ನು ಸಡಿಲ ಬಿಟ್ಟಳು. ರಾಣಿ ಮೆಲ್ಲಗೆ ಎಡಕ್ಕೆ ತಿರುಗಿದಳು.

"ನೆಲ ಆ ಕಡೆ ಇಳಿದಿದೆ" ಎಂದರು ಇವರು.

ಪುಟ್ಟಿ ಕಾರನ್ನು ಪೂರ್ತಿ ತಿರುಗಿಸಿ, ಆ ತುದಿಯಿಂದ ಈ ತುದಿಗೆ ಹೊರಟಳು. ನೆಲ ಇಳಿದಿದ್ದರೆ ಈಗ ಬಲಕ್ಕೆ ಎಳೆಯಬೇಕು. ನನಗೂ ಇಷ್ಟು ಅರ್ಥವಾಯಿತು. ರಾಣಿ ಮತ್ತೆ ಎಡಕ್ಕೇ ಹೋದಳು.

"ಈಗ ನೋಡಿ ಅಪ್ಪ, ಗಾಡಿ ನೆಟ್ಟಗೆ ಹೋಗೋ ಹಾಗೆ ಹಿಡಿದಿದ್ದೀನಿ. ಸ್ಟೀರಿಂಗ್ ಮಧ್ಯದ ಗುರುತು ಎಲ್ಲಿದೆ?"

ಗುರುತು ಬಲಕ್ಕೆ ವಾಲಿತ್ತು. ಹಿಂದಿನ ಸೀಟಿನಲ್ಲಿ ಕೂತ ನನಗೂ ಕಾಣುತ್ತಿತ್ತು. ಗೋಡೆಯ ಮೇಲೆ ಓರೆಯಾಗಿ ತೂಗುವ ಪಟವನ್ನು ದಿನಾ ನೋಡಿ ನೋಡಿ ಅದೇ ನೇರ ಎನ್ನಿಸುತ್ತದಲ್ಲ, ಹಾಗಾಗಿತ್ತು ನಮ್ಮ ಕತೆ. ಎಷ್ಟು ಸಲ ಈ ಕಾರಿನಲ್ಲಿ ಕೂತಿದ್ದೇನೋ, ಒಂದು ದಿನವೂ ಕಂಡಿರಲಿಲ್ಲ.

ಅವಳು ಇಳಿದು ಎಡಗಡೆಯ ಮುಂದಿನ ಚಕ್ರದ ಹತ್ತಿರ ಕೂತಳು. ಟೈರಿನ ಹೊರ ಅಂಚು ಬೋಳುತಲೆಯ ಹಾಗೆ ಸವೆದಿತ್ತು, ಒಳ ಅಂಚಿನಲ್ಲಿ ಗೆರೆಗಳು ಹೊಸದರ ಹಾಗೆ ಆಳವಾಗಿದ್ದವು. ಇವರು ಅದನ್ನು ಮೊದಲೇ ನೋಡಿದ್ದರು. "ಶಿಷ್ಯರು ಪಾರ್ಕ್ ಮಾಡುವಾಗ ಕಲ್ಲಿಗೆ ಉಜ್ಜಿ ಉಜ್ಜಿ ಹೀಗಾಗಿದೆ" ಎಂದು ಅವರ ಮೇಲೇ ಹಾಕಿದ್ದರು.

"ಕಲ್ಲಿಗೆ ಉಜ್ಜಿದ್ರೆ ಟೈರಿನ ಪಕ್ಕ ಗೀಚಿರಬೇಕಲ್ವಾ ಅಪ್ಪ? ಪಕ್ಕ ನುಣ್ಣಗಿದೆ. ನೆಲಕ್ಕೆ ಕೂರೋ ಭಾಗ ಮಾತ್ರ ಒಂದೇ ಅಂಚಲ್ಲಿ ಸವೆದಿದೆ. ಚಕ್ರ ವಾಲಿಕೊಂಡು ಓಡ್ತಿದೆ."

ಇವರು ಬಗ್ಗಿ ಆ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಮತ್ತೆ ಎಳೆದರು. ಎದ್ದು ನಿಂತು ಪ್ಯಾಂಟಿನ ಮಂಡಿ ಒರೆಸಿಕೊಂಡು, "ಟೈರಂಗಡಿ ತೆಗೆದಿರುತ್ತಾ ಈಗ?" ಎಂದರು. ಅಷ್ಟೇ ಮಾತು. ಗೆದ್ದ ಮಗಳ ಕಡೆ ನೋಡಲೋ, ಸೋತ ಗಂಡನ ಕಡೆ ನೋಡಲೋ ತಿಳಿಯದೆ ಖಾಲಿ ಬಯಲನ್ನು ನೋಡುತ್ತಾ ನಿಂತೆ.

ಟೈರಂಗಡಿಯವನೂ ಇವರ ಶಿಷ್ಯನೇ. ಅವನು ಅಲೈನ್‌ಮೆಂಟ್ ಮಿಷನ್ ತಂದ ದಿನ ಇವರು ಹೋಗಿ ನಕ್ಕು ಬಂದಿದ್ದರು. ಈಗ ನಾಲ್ಕೂ ಚಕ್ರಕ್ಕೆ ಅವನು ತಟ್ಟೆಯಂಥದ್ದನ್ನು ಸಿಕ್ಕಿಸಿ ಮಿಷನ್ನಿನ ಪರದೆ ಹಚ್ಚಿದಾಗ, ಮೂರು ಕಡೆ ಹಸಿರು ಬಂತು, ಎಡಗಡೆಯ ಮುಂದಿನ ಮೂಲೆಯಲ್ಲಿ ಕಡು ಕೆಂಪು. ಇವರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಅವನು ಒಳ್ಳೆಯವನು, ಆಡಿಕೊಳ್ಳಲಿಲ್ಲ.

"ಮೇಷ್ಟ್ರೇ, ನಿಮ್ಮ ದಾರದ ಲೆಕ್ಕ ಏನೂ ತಪ್ಪಲ್ಲ. ಚಕ್ರ ಯಾವ ಕಡೆ ಮುಖ ಮಾಡಿದೆ ಅನ್ನೋದು ದಾರಕ್ಕೆ ಗೊತ್ತಾಗುತ್ತೆ. ಚಕ್ರ ತಲೆ ವಾಲಿಸಿದ್ರೆ ಅದು ಹೇಗೆ ಹೇಳಬೇಕು ಪಾಪ? ಅವತ್ತು ಆ ಕಲ್ಲು ಚಕ್ರವನ್ನು ಹಿಡಿದಿಡೋ ಒಳಗಿನ ಕಾಲನ್ನೇ ಸ್ವಲ್ಪ ಬಗ್ಗಿಸಿದೆ" ಎಂದ.

ಬಗ್ಗಿದ್ದನ್ನು ಬದಲಾಯಿಸಿ, ಟೈರು ಹೊಸದು ಹಾಕಿ, ಕೆಂಪು ಹಸಿರಾಗುವವರೆಗೆ ತಿರುಗಿಸಿ ಬಿಗಿದ. ಮನೆಗೆ ಹೊರಡುವಾಗ ಇವರೇ ಸ್ಟೀರಿಂಗಿಗೆ ಕೂತರು. ಅಂಗಡಿಯ ಮುಂದೆ ಶಿಷ್ಯ ನೋಡುತ್ತಿದ್ದಾನಲ್ಲ, ಗತ್ತಾಗಿ ಹೊರಟರು. ಬೀದಿಯ ಅರ್ಧಕ್ಕೆ ಹೋಗುವಷ್ಟರಲ್ಲಿ ಕಾರು ಬಲಕ್ಕೆ ಸರಿದು ಎದುರಿನ ಸ್ಕೂಟರಿನವನಿಗೆ ಅಡ್ಡವಾಯಿತು. "ಕಣ್ಣು ಕಾಣಲ್ವೇನ್ರೀ? ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತುಕೊಳ್ಳಿ!" ಎಂದು ಅವನು ಕೂಗಿ ಹೋದ. ಕಾರಿನ ಎರಡೂ ಬದಿಗೆ ದೊಡ್ಡ ಅಕ್ಷರದಲ್ಲಿ ನಮ್ಮ ಸ್ಕೂಲಿನ ಹೆಸರೇ ಇತ್ತು. ಇನ್ನೊಂದು ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಕಾರು ನೆಟ್ಟಗಾಗಿತ್ತು, ನಮ್ಮವರ ಕೈ ಆಗಿರಲಿಲ್ಲ. ಪುಟ್ಟಿಯ ಕೈಯೂ ಅದೇ ಕೈ.

ಭಾನುವಾರ ಪೂರ್ತಿ ಅಪ್ಪ ಮಗಳು ಊರಾಚೆಯ ನೇರ ರಸ್ತೆಯಲ್ಲಿ ಹಿಂದೆ ಮುಂದೆ ಓಡಾಡಿದರು. ಬುತ್ತಿ ಹಿಡಿದುಕೊಂಡು ನಾನೂ ಹೋಗಿದ್ದೆ. ಮೊದಮೊದಲು ಇವರ ಬಾಯಿಂದಲೇ "ಒಂದೆಳೆ..." ಎಂದು ಜಾರಿ ಬರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಕೊನೆಗೆ ತಮ್ಮ ಮೇಲೆ ತಮಗೇ ಸಿಟ್ಟು ಬಂದು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೂತರು. ನೆರಳಲ್ಲಿ ಕಾರು ನಿಲ್ಲಿಸಿ ನೀರು ಕುಡಿಯುವಾಗ ಮೆಲ್ಲಗೆ ಹೇಳಿದರು: "ಪುಟ್ಟಿ, ನಾನು ಇಷ್ಟು ದಿನ ಕೈಯನ್ನೇ ನೋಡು ಅಂದೆ. ಬೇಡ. ಕೈ ಸುಳ್ಳು ಹೇಳುತ್ತೆ. ರಸ್ತೆ ಎಲ್ಲಿ ಮುಗಿಯುತ್ತೋ ಅಲ್ಲಿ ಕಣ್ಣಿಡು. ಕೈ ತಾನಾಗೇ ಹಿಂದೆ ಬರುತ್ತೆ."

ಆ ಮಾತು ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಕಾರು ಗೆರೆ ಎಳೆದ ಹಾಗೆ ಹೋಗುತ್ತಿತ್ತು. ನಾನು ಹಿಂದೆ ಕೂತು ಕಣ್ಣುಮುಚ್ಚಿ ತೂಕಡಿಸುವಷ್ಟು. ಆದರೆ ವಾಪಸು ಬರುವಾಗ ಪೊದೆಯಿಂದ ಒಂದು ನಾಯಿ ಛಂಗನೆ ಅಡ್ಡ ಬಂತು. ಪುಟ್ಟಿ ಬ್ರೇಕ್ ಒತ್ತಿದಳು, ಆ ಗಾಬರಿಯಲ್ಲಿ ಕೈ ಒಂದೆಳೆ ಬಲಕ್ಕೆ ಹೋಯಿತು. ನಾಯಿ ಬದುಕಿತು. ಮೂವರೂ ಅದನ್ನು ನೋಡಿದೆವು, ಮೂವರೂ ನೋಡದವರ ಹಾಗೆ ಮನೆಗೆ ಬಂದೆವು.

ಸೋಮವಾರ ನಾವಿಬ್ಬರೂ ಅವಳ ಜೊತೆ ಹೋದೆವು. ಆಸ್ಪತ್ರೆಯ ಅಂಗಳದಲ್ಲಿ ಕೆಲಸಕ್ಕೆ ಬಂದವರು ಏಳೆಂಟು ಜನರಿದ್ದರು, ಹೆಣ್ಣೆಂದರೆ ನಮ್ಮವಳೊಬ್ಬಳೇ. ಸೈರನ್ ಅಜ್ಜನ ಪರೀಕ್ಷೆ ಬೇರೆಯವರ ಹಾಗಲ್ಲ. ಅವನು ಡ್ರೈವರಿನ ಪಕ್ಕ ಕೂರುವುದಿಲ್ಲ. ಹಿಂದೆ ಸ್ಟ್ರೆಚರಿನ ಮೇಲೆ ರೋಗಿಯ ಹಾಗೆ ಮಲಗಿ, ಬೆಲ್ಟ್ ಕಟ್ಟಿಸಿಕೊಂಡು, ಕಣ್ಣು ಮುಚ್ಚಿಕೊಳ್ಳುತ್ತಾನೆ. "ಡ್ರೈವರ್ ಹೇಗೆ ಅಂತ ಮಲಗಿದವನಿಗೆ ಗೊತ್ತಾಗೋ ಹಾಗೆ ಕೂತವನಿಗೆ ಗೊತ್ತಾಗಲ್ಲ" ಎನ್ನುತ್ತಾನೆ. ಒಬ್ಬೊಬ್ಬರನ್ನೇ ಕರೆದು ಊರು ಸುತ್ತಿಸಿ ಬಂದ. ಕೆಲವರು ಇಳಿಯುವಾಗಲೇ ಅವನು ಸೊಂಟ ಹಿಡಿದುಕೊಂಡು ಬೈಯುತ್ತಾ ಇಳಿದ.

ಕೊನೆಯ ಸರದಿ ಪುಟ್ಟಿಯದು. ಗಾಡಿ ಗೇಟು ದಾಟಿದ ಮೇಲೆ ನಾನು ಇವರ ತೋಳು ಹಿಡಿದವಳು ಅದು ವಾಪಸು ಬರುವವರೆಗೂ ಬಿಡಲಿಲ್ಲ. ಬಂತು. ಹಿಂದಿನ ಬಾಗಿಲು ತೆಗೆದು ಅಜ್ಜ ಇಳಿದ, ಮುಖದಲ್ಲಿ ನಗು.

"ಅಲ್ಲಮ್ಮ, ಶುಕ್ರವಾರ ಬಲಕ್ಕೆ ಓಡ್ತಿದ್ದೆ, ಇವತ್ತು ನನಗೆ ಜೋಂಪು ಹತ್ತೋ ಹಾಗೆ ಬಂದೆ. ಏನು ಮಾಡಿದೆ?"

"ಅವತ್ತು ಸ್ವಲ್ಪ ಭಯ ಇತ್ತು ಅಜ್ಜ" ಎಂದಳು ಪುಟ್ಟಿ, ಅಪ್ಪನ ಕಡೆ ನೋಡದೆ. ಅಪ್ಪನ ಮಾನ ಉಳಿಸಲಿಕ್ಕೆ ಆಡಿದ ಸುಳ್ಳು ಅದು, ನನಗೆ ಗೊತ್ತಾಯಿತು.

"ಮೇಷ್ಟ್ರ ಮಗಳು ಅಂದ್ರೆ ಸುಮ್ಮನೇನಾ! ಮೇಷ್ಟ್ರೇ, ಚೆನ್ನಾಗಿ ಕಲಿಸಿದ್ದೀರಿ" ಎಂದು ಅಜ್ಜ ಇವರ ಬೆನ್ನು ತಟ್ಟಿದ. ಸುತ್ತ ನಿಂತವರಲ್ಲಿ ಇಬ್ಬರು ಮೂವರು ಬೇರೆ ಸ್ಕೂಲಿನವರು. ಫೇಲಾದ ಶಿಷ್ಯರ ಸುದ್ದಿ ಊರೆಲ್ಲ ಹಬ್ಬಿತ್ತಲ್ಲ, ಅದನ್ನು ಒರೆಸಿಹಾಕಲು ಇದಕ್ಕಿಂತ ಒಳ್ಳೆಯ ಗಳಿಗೆ ಇವರಿಗೆ ಸಿಗುತ್ತಿರಲಿಲ್ಲ. ಸುಮ್ಮನೆ ನಕ್ಕಿದ್ದರೆ ಸಾಕಿತ್ತು.

ಇವರು ನಗಲಿಲ್ಲ. "ಇಲ್ಲ, ನಾನು ಕಲಿಸಿದ್ದು ತಪ್ಪು" ಎಂದುಬಿಟ್ಟರು.

ನಾನು ಇವರ ತೋಳನ್ನು ಹಿಂದಿನಿಂದ ಜಗ್ಗಿದೆ.

"ನನ್ನ ಕಾರಿನ ಚಕ್ರ ವಾಲಿತ್ತು. ಅದು ಎಡಕ್ಕೆ ಎಳೆಯೋದು, ನಾನು ಎಲ್ಲರಿಗೂ ಬಲಕ್ಕೆ ಹಿಡೀರಿ ಅಂತ ಕಲಿಸಿದೆ. ನನ್ನ ಶಿಷ್ಯರೆಲ್ಲ ಬಲಕ್ಕೆ ಹೋಗೋದು ಅದಕ್ಕೇ. ಇವಳೂ ಅಷ್ಟೇ. ತಪ್ಪು ಕಂಡುಹಿಡಿದವಳು ಇವಳೇ. ಕಾರು ಸರಿ ಮಾಡಿಸಿ, ನಿನ್ನೆ ಇಡೀ ದಿನ ಕೈ ತಿದ್ದಿಕೊಂಡಿದ್ದಾಳೆ. ಆದ್ರೆ ಗಾಬರಿಯಾದಾಗ ಆ ಹಳೇ ಕೈ ಇನ್ನೂ ಬರುತ್ತೆ. ನಿನ್ನೆ ಒಂದ್ಸಲ ಬಂತು. ಹಿಂದೆ ಮಲಗೋರು ಯಾರ ಮನೆ ಮಕ್ಕಳೋ ಏನೋ. ನಿಮಗೆ ಹೇಳದೆ ಇರೋಕೆ ನನ್ನಿಂದ ಆಗಲಿಲ್ಲ."

ಅಯ್ಯೋ ಪುಣ್ಯಾತ್ಮ! ಕೈಗೆ ಬಂದ ತುತ್ತನ್ನು ಬಾಯಿಗೆ ಬರುವ ಮೊದಲೇ ತಟ್ಟಿಹಾಕಿದಿರಲ್ಲ! ಇಷ್ಟು ವರ್ಷ ತಪ್ಪು ಒಪ್ಪಿಕೊಳ್ಳದವರಿಗೆ ಇವತ್ತೇ ಸತ್ಯ ಹೊಳೆಯಬೇಕಿತ್ತೇ? ಅಲ್ಲೇ ನಾಲ್ಕು ಮಾತು ಝಾಡಿಸಬೇಕು ಎಂದು ಬಾಯಿ ತೆರೆದೆ. ಪುಟ್ಟಿಯ ಮುಖ ನೋಡಿದೆ. ಅವಳು ಬಿಳುಚಿಕೊಂಡಿದ್ದಳು, ಆದರೆ ಅಪ್ಪನನ್ನು ನೋಡುತ್ತಿದ್ದ ಕಣ್ಣಿನಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಅಜ್ಜ ಗಡ್ಡ ಕೆರೆದುಕೊಂಡ. "ಹೌದೇನಮ್ಮ?"

"ಹೌದು ಅಜ್ಜ. ನಾಯಿ ಅಡ್ಡ ಬಂದಾಗ ಕೈ ಬಲಕ್ಕೆ ಹೋಯ್ತು. ಸುಳ್ಳು ಹೇಳಿದೆ, ತಪ್ಪಾಯ್ತು. ಇನ್ನೊಂದ್ಸಲ ನೋಡಿ. ಈ ಸಲ ಸೈರನ್ ಹಾಕಿ, ಸಂತೆ ಬೀದಿಯಲ್ಲಿ."

ಅಜ್ಜ ನಮ್ಮಿಬ್ಬರಿಗೂ ಬೆರಳು ತೋರಿಸಿ, "ನೀವೂ ಹತ್ತಿ. ರೋಗಿ ಅಂದ ಮೇಲೆ ಜೊತೆಗೆ ಸಂಬಂಧಿಕರು ಬೇಡ್ವಾ?" ಎಂದು ಮತ್ತೆ ಸ್ಟ್ರೆಚರ್ ಮೇಲೆ ಮಲಗಿದ.

ಆಂಬುಲೆನ್ಸಿನ ಹಿಂಭಾಗದಲ್ಲಿ ಕೂತರೆ ರಸ್ತೆ ಕಾಣುವುದಿಲ್ಲ. ಮಂಜು ಹಿಡಿದ ಗಾಜು, ಔಷಧಿಯ ವಾಸನೆ, ತಲೆಯ ಮೇಲೆ ಕಿವಿ ಕಿತ್ತುಹೋಗುವಂಥ ಸೈರನ್. ಇವರು ಪಕ್ಕದ ಬೆಂಚಿನಲ್ಲಿ ಮಂಡಿಯ ಮೇಲೆ ಕೈಯೂರಿ ನೆಲ ನೋಡುತ್ತಾ ಕೂತಿದ್ದರು. ಹೇಳಿಕೊಡಲು ಬಾಯಿಲ್ಲ, ಒತ್ತಲು ಕಾಲ ಕೆಳಗೆ ಇನ್ನೊಂದು ಬ್ರೇಕಿಲ್ಲ. ಅವರನ್ನು ಹಾಗೆ ನಾನು ನೋಡಿದ್ದೇ ಇಲ್ಲ. ಸಂತೆ ಬೀದಿಗೆ ಬಂದದ್ದು ಗದ್ದಲದಿಂದಲೇ ಗೊತ್ತಾಯಿತು. ಹಾರ್ನುಗಳು, ಕೂಗಾಟ, ಗಾಡಿ ನಿಧಾನವಾಯಿತು, ಮತ್ತೆ ಓಡಿತು.

ಆಗ ಹೊರಗೆ ಯಾರೋ ಹೆಂಗಸು "ಅಯ್ಯಯ್ಯೋ!" ಎಂದು ಚೀರಿದಳು. ಬ್ರೇಕು ಬಿತ್ತು. ನಾವೆಲ್ಲ ಮುಂದಕ್ಕೆ ತೂಗಿದೆವು. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ನೇರ ಮುಂದಕ್ಕೆ. ತೂಗಿ, ಹಿಂದಕ್ಕೆ ಬಂದು, ಬೆಂಚಿಗೆ ಒರಗಿದೆವು. ಹೊರಗೆ ತಳ್ಳುಗಾಡಿಯೊಂದರ ಚಕ್ರ ಗಡಗಡ ಎನ್ನುತ್ತಾ ದಾಟಿ ಹೋದದ್ದು ಕೇಳಿಸಿತು. ಗಾಡಿ ಮತ್ತೆ ಹೊರಟಿತು. ಸ್ಟ್ರೆಚರಿನ ಮೇಲೆ ಅಜ್ಜ ಕಣ್ಣು ಬಿಡಲೇ ಇಲ್ಲ, ಎದೆಯ ಮೇಲಿದ್ದ ಕೈಯ ಒಂದು ಬೆರಳನ್ನು ಮಾತ್ರ ಎತ್ತಿ ಆಡಿಸಿದ. ಇವರು ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. "ನೋಡಿದೆಯೇನೇ" ಎನ್ನಲಿಲ್ಲ. ನಾನೇ ಅವರ ಮಂಡಿಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದೆ. ಸತ್ಯ ಹೇಳಿ ಮಗಳ ಕೆಲಸವನ್ನು ಪಣಕ್ಕಿಟ್ಟ ಗಂಡ, ಆ ಸತ್ಯವನ್ನು ಹೊತ್ತುಕೊಂಡೇ ಗಾಡಿ ಓಡಿಸಿದ ಮಗಳು. ಇಬ್ಬರೂ ನನ್ನವರು. ನನಗೆ ಹೆಮ್ಮೆಯಾಯಿತು, ಎದೆ ಒಡೆಯುವಷ್ಟು ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದು ಯಾಕೆ?

ಅಂಗಳಕ್ಕೆ ಬಂದು ನಿಂತಾಗ ಅಜ್ಜ ಬೆಲ್ಟ್ ಬಿಚ್ಚುತ್ತಾ, "ಇನ್ನು ನಾನು ಮನೆಗೆ ಹೋಗಿ ನಿಜವಾಗಿ ಮಲಗಬಹುದು" ಎಂದ. ನನ್ನ ಹೊಟ್ಟೆಗೆ ಹಾಲೆರೆದಂತಾಯಿತು. ಇಳಿದು ಹೋಗಿ ಅವಳ ಕೆನ್ನೆ ಹಿಡಿಯಬೇಕು ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ನರ್ಸ್ ಓಡಿ ಬಂದಳು. ಕಟ್ಟಡದ ಕೆಲಸದವನೊಬ್ಬ ಸಾರುವೆಯಿಂದ ಬಿದ್ದಿದ್ದಾನೆ, ಬೇಗ ಗಾಡಿ ಬೇಕು ಎಂದಳು. ಅಜ್ಜ ಇಳಿದು ಮುಂದಿನ ಬಾಗಿಲಿನತ್ತ ಹೆಜ್ಜೆ ಇಟ್ಟವನು ಹಾಗೇ ನಿಂತ. ಸೀಟಿನಲ್ಲಿ ಪುಟ್ಟಿ ಕೂತೇ ಇದ್ದಳು, ಇಂಜಿನ್ ಆರಿಸಿಯೂ ಇರಲಿಲ್ಲ. ಅಜ್ಜ ತಿರುಗಿ, ಹಿಂದೆ ರೋಗಿಯ ಪಕ್ಕದ ಬೆಂಚಿಗೆ, ಅವಳ ಹಳೆಯ ಜಾಗಕ್ಕೆ ಬಂದು ಕೂತ. 

ನಾವಿಬ್ಬರೂ ಅಲ್ಲೇ ಕೂತಿದ್ದೆವು, ಹಬ್ಬಕ್ಕೆ ಬಂದ ನೆಂಟರ ಹಾಗೆ.

"ಅಪ್ಪ, ಅಮ್ಮ, ಇಳೀರಿ! ಬೇಗ! ಒಬ್ಬ ಮನುಷ್ಯ ಅಲ್ಲಿ ಬಿದ್ದಿದ್ದಾನೆ!" ಎಂದು ಮುಂದಿನಿಂದ ಪುಟ್ಟಿ ಗದರಿದಳು.

ನನಗೆ ಹೀಗೆ ಗದರುವ ಧೈರ್ಯ ಈ ಊರಿನಲ್ಲಿ ಒಬ್ಬರಿಗೂ ಇಲ್ಲ. ಗದರಿದವರು ಸುಖವಾಗಿ ಮನೆ ಸೇರಿದ್ದೂ ಇಲ್ಲ. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು, ಇವರ ಕೈ ಎಳೆದುಕೊಂಡು, ತುಟಿ ಎರಡು ಮಾಡದೆ ಇಳಿದೆ. ಬಾಗಿಲು ದಡಾರನೆ ಮುಚ್ಚಿತು. ಸೈರನ್ ಹಾಕಿಕೊಂಡು ಗಾಡಿ ನಮ್ಮ ಮುಖಕ್ಕೆ ಧೂಳೆಬ್ಬಿಸಿ ಹೋಯಿತು. ನಾವಿಬ್ಬರೂ ಕೆಮ್ಮುತ್ತಾ, ನಗುತ್ತಾ, ಅದು ಕಣ್ಮರೆಯಾಗುವವರೆಗೂ ಆ ಅಂಗಳದ ಮಧ್ಯೆ ನಿಂತಿದ್ದೆವು.